ಬಾನಿಗೆ ಹೇಳಿದ ಸುಳ್ಳು

…ನಗಬೇಡ ಅಜ್ಜಿ! ನೀನು ನಕ್ಕರೆ ನನಗೂ ನಗು ಬರತ್ತೆ, ಆಮೇಲೆ ಸುಳ್ಳು ಅರ್ಧಕ್ಕೇ ನಿಂತುಹೋಗತ್ತೆ. ನೀನು ಸುಮ್ಮನೆ ಬಣ್ಣದ ಬಾನೀಲಿ ಕೋಲು ತಿರುಗಿಸ್ತಾ ಇರು. ಹಾಂ, ಹಾಗೆ. ಸರಿ, ಮತ್ತೆ ಮೊದಲಿಂದ. ಕೇಳು ಬಾನಿ, ಕಿವಿ ಕೊಟ್ಟು ಕೇಳು! ನಮ್ಮ ಬೀದಿ ಕೊನೇಲಿ ಗಾಡಿ ಚಕ್ರ ರಿಪೇರಿ ಮಾಡೋ ಬೋಳಣ್ಣ ಇದ್ದಾನಲ್ಲ, ಅವನ ತಲೆ ಮೇಲೆ ಒಂದೇ ರಾತ್ರೀಲಿ ಕಾಡು ಬೆಳೆದುಬಿಟ್ಟಿದೆ! ಅವನ ಹೆಂಡತಿ ಬಾಚಣಿಗೆ ಬಿಸಾಕಿ ಕೊಡಲಿ ಹಿಡ್ಕೊಂಡು ಕೂತಿದ್ದಾಳೆ. ಕಾಡಲ್ಲಿ ಹುಲಿ ಇದೆ ಅಂತ ಪಕ್ಕದ ಮನೆಯವರು ಬಾಗಿಲು ಹಾಕ್ಕೊಂಡಿದ್ದಾರೆ…

ಬಂತಾ? ನೋಡು ನೋಡು… ಬಂತಾ ಏನಾದ್ರೂ?

ಇಲ್ಲ. ಒಂದು ಗುಳ್ಳೆನೂ ಇಲ್ಲ. ಕೆಸರು ಬಿದ್ದುಕೊಂಡ ಹಾಗೆ ಬಿದ್ದುಕೊಂಡಿದೆ ನಿನ್ನ ಬಾನಿ.

ಎತ್ತು ಕರು ಹಾಕ್ತು ಅಂದೆ. ಮೀನು ಮರ ಹತ್ತಿ ಗೂಡು ಕಟ್ತು ಅಂದೆ. ಇರುವೆ ಮದುವೆಗೆ ಆನೆ ಅಡಿಗೆಗೆ ನಿಂತಿತ್ತು, ಉಪ್ಪು ಜಾಸ್ತಿ ಆಯ್ತು ಅಂತ ಇರುವೆ ಬೈತು ಅಂದೆ. ನಿನಗೆ ಹೊಟ್ಟೆ ಹಿಡ್ಕೊಳ್ಳೋ ಅಷ್ಟು ನಗು ಬಂತು, ಅದಕ್ಕೆ ಮಾತ್ರ ಮೀಸೆ ಅಡೀಲೂ ನಗು ಇಲ್ಲ. ಇದನ್ನ ಎಬ್ಬಿಸೋಕೆ ಇದಕ್ಕಿಂತ ದೊಡ್ಡ ಸುಳ್ಳು ಎಲ್ಲಿಂದ ತರ್ಲಿ ನಾನು?

ಏನು? ಕೈ ಯಾಕೆ ಆಡಿಸ್ತೀಯ? ಓ… ನಿಲ್ಲಿಸಬಾರದು. ಗೊತ್ತು ಮಾರಾಯ್ತಿ, ಗೊತ್ತು. ಕಲಕೋರು ಬಾಯಿ ತೆಗೀಬಾರದು, ಸುಳ್ಳು ಹೇಳೋರು ಬಾಯಿ ಮುಚ್ಚಬಾರದು. ಬೆಳಿಗ್ಗೆ ಕೋಲು ಕೈಗೆ ತಗೊಳ್ಳೋ ಮುಂಚೆ ನೀನು ಹೇಳಿದ ಕೊನೇ ಮಾತೇ ಅದು. ಆವಾಗಿಂದ ನಿನ್ನ ಬಾಯಿಗೆ ಬೀಗ, ನನ್ನ ಬಾಯಿಗೆ ಕೆಲಸ. ಎಷ್ಟು ವರ್ಷದಿಂದ ನನ್ನ ಬಾಯಿಬಡಕಿ ಬಾಯಿಬಡಕಿ ಅಂತ ಬೈದೆ, ನೋಡು, ಕೊನೆಗೆ ಬಾಯಿಬಡಕೀನೇ ಬೇಕಾದಳು!

ಗಂಟಲು ಒಣಗ್ತಿದೆ. ನೀರು ಕುಡೀಲಾ? …ಕುಡೀತಾನೇ ಮಾತಾಡ್ತೀನಿ ಬಿಡು.

ಅಣ್ಣ ಇದ್ದಿದ್ರೆ ಚೆನ್ನಾಗಿರ್ತಿತ್ತು. ಅವನೊಂದು ಸುಳ್ಳು, ನಾನೊಂದು ಸುಳ್ಳು, ಆಟದ ಹಾಗೆ ಆಗ್ತಿತ್ತು.

ಯಾಕೆ ಹಾಗೆ ನೋಡ್ತೀಯ? ಹೇಳಿದ್ನಲ್ಲ ನಿನಗೆ. ಕಲ್ಲಿದ್ದಲು ಅಂಗಳದಲ್ಲಿ ಅವನಿಗೆ ಎರಡು ಪಾಳಿ ಹಾಕಿದ್ದಾರೆ. ಅಲ್ಲೇ ಮೂಟೆ ಮೇಲೆ ಮಲಗ್ತಾನಂತೆ. ಊಟಕ್ಕೇನೂ ತೊಂದರೆ ಇಲ್ಲವಂತೆ. ಮೇಸ್ತ್ರಿ ಕೈಲಿ ಹೇಳಿ ಕಳಿಸಿದ್ದ.

…ಏನದು? ಬುಳಕ್ ಅಂತು? ನಿನಗೂ ಕೇಳಿಸ್ತಾ? ಇಲಿನಾ?

ಗುಳ್ಳೆ! ಅಜ್ಜಿ, ಗುಳ್ಳೆ! ಒಂದೇ ಒಂದು, ಅಗೋ ಅಂಚಿನ ಹತ್ತಿರ… ಒಡೀತು. ಅಯ್ಯೋ ಒಡೀತು. ಪರವಾಗಿಲ್ಲ, ಬಂತಲ್ಲ! ಬೋಳಣ್ಣನ ಕಾಡು ಇದಕ್ಕೆ ಈಗ ಅರ್ಥ ಆಯ್ತು ನೋಡು. ಸ್ವಲ್ಪ ನಿಧಾನ, ಪಾಪ, ವಯಸ್ಸಾಗಿದೆ. ನಿನಗೆ ಹೇಳಿದ್ದಲ್ಲ! ಬಾನಿಗೆ ಹೇಳಿದ್ದು.

ನೀನು ಯಾಕೆ ಕುಣೀತಿಲ್ಲ? ನಾನು ತೊಟ್ಟಿಲಲ್ಲಿದ್ದಾಗಿಂದ ಮಲಗಿರೋ ಬಾನಿ ಇದು. ಒಂದು ಗುಳ್ಳೆ ಬಿಟ್ರೆ ನಾನಾದ್ರೆ ಬೀದಿಗೆ ಓಡಿಹೋಗಿ… ಸರಿ ಸರಿ, ಬೀದಿಗೆ ಹೋಗಲ್ಲ. ಬಾಗಿಲು ಹಾಕಿದೆ. ಚಿಲಕ ನೋಡಿದೆ.

ಬಾನಿ, ನೀನು ಮಲಗಿದ ಮೇಲೆ ಏನೇನಾಯ್ತು ಗೊತ್ತಾ ನಿನಗೆ? ಮಲಗಿದೋರಿಗೆ ಏನು ಗೊತ್ತಾಗತ್ತೆ. ಈಗ ಎಲ್ಲಾ ಬೂದಿ ಬಣ್ಣ. ಬಟ್ಟೆ ಬೂದಿ, ಗೋಡೆ ಬೂದಿ, ಮಕ್ಕಳ ಟೋಪಿ ಬೂದಿ. ಬೆಳಿಗ್ಗೆ ಕೋಟೆ ಗೋಪುರದ ಮೇಲೆ ಕಹಳೆ ಬಾಯಿ ತೆಗೆಯತ್ತೆ. ಕಹಳೆ ಅಂದ್ರೆ ಊದೋದಲ್ಲ, ಅದರೊಳಗೆ ದೊರೆ ಮಾತಾಡ್ತಾನೆ. ಏಳಿ ಅಂದ್ರೆ ಏಳ್ತೀವಿ. ನಿದ್ದೆ ಕಣ್ಣಲ್ಲಿ, ಬೇಡ ಬೇಡ ಅಂತ ಮನಸ್ಸು ಕೂಗ್ತಾ ಇದ್ರೂ ಕಾಲು ತಾನಾಗೇ ನೆಲಕ್ಕಿಳಿಯತ್ತೆ. ಕೆಲಸಕ್ಕೆ ಹೋಗಿ ಅಂದ್ರೆ ಹೋಗ್ತೀವಿ. ನಾಲ್ಕು ಜನ ಒಂದು ಕಡೆ ನಿಲ್ಲಬೇಡಿ ಅಂದ್ರೆ ನಾಲ್ಕನೆಯವನು ಮಾತಿನ ಮಧ್ಯದಲ್ಲೇ ತಿರುಗಿ ನಡೀತಾನೆ, ಮುಖದಲ್ಲಿ ನಾಚಿಕೆ ಇಟ್ಕೊಂಡು. ಜ್ವರ ಇದ್ದೋರೂ ಅಷ್ಟೇ, ಬಸುರಿಯರೂ ಅಷ್ಟೇ. ಅಪ್ಪಣೆ ಕಿವಿಗೆ ಬಿದ್ದ ಮೇಲೆ ಮೈ ನಮ್ಮದಲ್ಲ.

ನಿನ್ನ ನೀಲೀಲಿ ಅದ್ದಿದ ಪಟ್ಟಿ ಹಣೆಗೆ ಕಿವಿಗೆ ಸುತ್ತಿಕೊಂಡರೆ ಅಪ್ಪಣೆ ಹತ್ತಲ್ಲ. ಗಾಳಿ ಹೋದ ಹಾಗೆ ಹೋಗಿಬಿಡತ್ತೆ. ಅದಕ್ಕೇ ತಾನೇ ದೊರೆ, ಅಜ್ಜಿ ಬಚ್ಚಿಟ್ಟ ನಿನ್ನೊಂದನ್ನ ಬಿಟ್ಟು, ಊರಲ್ಲಿದ್ದ ಬಾನಿಗಳನ್ನೆಲ್ಲ ಒಡೆಸಿದ್ದು? ಅದಕ್ಕೇ ತಾನೇ ಒಂದು ದಿನ ಕಹಳೆ, ನೀಲಿ ಬಲ್ಲವರೆಲ್ಲ ಉಪ್ಪಿನ ಗಣಿಗೆ ನಡೀರಿ ಅಂದಿದ್ದು? ಅಮ್ಮ ಈ ಬಾಗಿಲ ಚೌಕಟ್ಟು ಎರಡು ಕೈಲೂ ಹಿಡ್ಕೊಂಡಿದ್ದಳಂತೆ. ಕೈ ಅವಳ ಮಾತು ಕೇಳ್ತಿತ್ತು, ಕಾಲು ದೊರೆ ಮಾತು ಕೇಳ್ತಿತ್ತು. ಉಗುರು ಕಿತ್ತು ಬಂದ ಮೇಲೆ ಹೋದಳಂತೆ. ಅಪ್ಪ ಮುಂದೆ ಹೋಗ್ತಾ ತಿರುಗಿ ತಿರುಗಿ ನೋಡ್ತಿದ್ದನಂತೆ. ಮನೇಲಿ ಉಳಿದಿದ್ದ ಒಂದೇ ಪಟ್ಟಿ ಅಜ್ಜಿ ತಲೇಲಿತ್ತು, ಇಲ್ಲದಿದ್ರೆ ನಮ್ಮಿಬ್ಬರಿಗೆ ಅನ್ನ ಹಾಕೋರೇ ಇರ್ತಿರಲಿಲ್ಲ. ಅದೂ ನನಗೆ ಬುದ್ಧಿ ಬರೋ ಮೊದಲೇ ಸವೆದು ಹೋಯ್ತಂತೆ…

ಕೋಲು ನಿಲ್ಲಿಸಬೇಡ ಅಜ್ಜಿ. ಅಳಬೇಡ. ಗೊತ್ತು, ನಿಜ ಹೇಳಿದ್ರೆ ಇದು ಏಳಲ್ಲ. ನೋಡು, ಎಷ್ಟು ದೊಡ್ಡ ನಿಜ ಹೇಳಿದೆ, ಮಿಸುಕಾಡಲಿಲ್ಲ. ವಿಚಿತ್ರ ಅಲ್ವಾ? ಬೇರೆ ದೇವತೆಗಳಿಗೆಲ್ಲ ಸತ್ಯ ಬೇಕು, ನಮ್ಮ ಬಾನಿಗೆ ಮಾತ್ರ ಸುಳ್ಳು ಬೇಕು. ತಾತ ಒಂದು ಸಲ ನೆಂಟರ ಮುಂದೆ ಮುಖ ಗಟ್ಟಿ ಮಾಡ್ಕೊಂಡು, ‘ನನ್ನ ಹೆಂಡತಿ ನಾನು ಹಾಕಿದ ಗೆರೆ ದಾಟಲ್ಲ’ ಅಂದಿದ್ದಕ್ಕೆ ಒಳಗೆ ಬಾನಿ ದಡಬಡ ಎದ್ದು ಕೂತಿತ್ತಂತೆ! ಅದು ಹೇಳಿದಾಗೆಲ್ಲ ನಿನ್ನ ಮುಖ ನೋಡಬೇಕು. ಈಗ್ಲೂ ನೋಡು, ಅಳ್ತಾ ನಗ್ತಿದೀಯ.

ಸರಿ. ಇನ್ನೊಂದು. ಕೇಳು ಬಾನಿ. ದೊರೆಗೆ ದಿನಾ ರಾತ್ರಿ ಇಲಿ ಜೋಗುಳ ಹಾಡತ್ತೆ. ಹಾಡು ತಪ್ಪಿದ್ರೆ ದೊರೆ ಹೋ ಅಂತ ಅಳ್ತಾನೆ, ಮಂತ್ರಿ ಬಂದು ಗಿಲಕಿ ಆಡಿಸಬೇಕು…

ಇಲ್ಲ. ಇದೂ ಇಲ್ಲ.

ಅಜ್ಜಿ, ಇದೇನು? ಬಟ್ಟೆ ಯಾಕೆ ಈಗ್ಲೇ ನೆನೆಸ್ತಿದೀಯ? ಅದೂ ಅಷ್ಟೊಂದು! ಚಿಂದಿ ಮೂಟೆ ಪೂರ್ತಿ ಹರಿದು ಪಟ್ಟಿ ಮಾಡಿಟ್ಟಿದೀಯಲ್ಲ, ಯಾವಾಗ ಮಾಡಿದೆ? ಒಂದು ಕೈಲಿ ಕೋಲು, ಇನ್ನೊಂದು ಕೈಲಿ ಬಟ್ಟೆ. ಅಜ್ಜಿಗೆ ಅರಿವೆ ಚಿಂತೆ ಅಂತ ಸುಮ್ಮನೆ ಗಾದೆ ಮಾಡಿದ್ರಾ! ಇನ್ನೂ ಒಂದೇ ಗುಳ್ಳೆ ಬಂದಿರೋದು, ನಿನಗೆಷ್ಟು ಅವಸರ.

ಇವತ್ತೇ ಏಳತ್ತೆ ಅನ್ನೋ ಹಾಗೆ ಕೂತಿದೀಯ.

…ನಾನಾ? ನಾನು ಕಿಟಕಿ ಕಡೆ ಯಾಕೆ ನೋಡ್ಲಿ? ಬಿಸಿಲು ಎಷ್ಟು ಇಳೀತು ಅಂತ ನೋಡಿದೆ ಅಷ್ಟೇ. ಗೋಡೆ ಮೇಲೆ ಬಂತು ನೋಡು ಬಿಸಿಲು. ಸಂಜೆ ಆಗ್ತಾ ಬಂತು. ಸಂಜೆ ಆದ್ರೆ ನನಗೇನು? ಏನೂ ಇಲ್ಲ. ದೀಪ ಹಚ್ಚಬೇಕಲ್ಲ ಅಂತ.

ವಾಸನೆ ಹೊರಗೆ ಹೋಗ್ತಿದೆ ಅಂತ ಭಯಾನಾ ನಿನಗೆ? ಪಕ್ಕದಲ್ಲಿ ಚರ್ಮ ಹದ ಮಾಡೋರು ಇರೋತನಕ ನಮ್ಮ ವಾಸನೆ ಯಾರಿಗೆ ಗೊತ್ತಾಗತ್ತೆ. ಅವರ ಅಂಗಳದ ಮುಂದೆ ನಮ್ಮ ಬಾನಿ ಮಲ್ಲಿಗೆ!

ಬಾನಿ, ಏಳೇ ನೀನು… ಏಳಮ್ಮಾ. ನಿನಗೆ ನೀಲಿ ಸೊಪ್ಪು ಸಿಕ್ಕಿದ್ದೇ ಎಷ್ಟು ಕಷ್ಟದಲ್ಲಿ ಗೊತ್ತಾ? ಅಣ್ಣ ಕಲ್ಲಿದ್ದಲು ಮೂಟೆ ಒಳಗೆ ಬಚ್ಚಿಟ್ಟು ತಂದ. ಕಾವಲುಕಟ್ಟೇಲಿ ಮೂಟೆಗೆ ಚೂಪು ಕಂಬಿ ಚುಚ್ಚಿ ನೋಡ್ತಾರೆ, ಕಂಬಿ ತುದೀಲಿ ಒಂದು ಎಲೆ ಹತ್ತಿಕೊಂಡು ಬಂದ್ರೆ ಮುಗೀತು. ಆದ್ರೂ ತಂದ. ಮೊದಲ ಮೂಟೆ ತಂದಾಗ ಮುಖ ಎಲ್ಲಾ ಮಸಿ, ಹಲ್ಲು ಮಾತ್ರ ಕಾಣ್ತಿತ್ತು, ಅಜ್ಜಿ ಅವನನ್ನ ಹಾಗೇ ಅಪ್ಪಿಕೊಂಡು ತಾನೂ ಮಸಿ ಆದಳು. ಕಲ್ಲಿದ್ದಲು ಹೊರೋ ಹುಡುಗರೆಲ್ಲ ಅವನಿಗೆ ಮಾತು ಕೊಟ್ಟಿದ್ದಾರೆ, ಪಟ್ಟಿ ಸಿಕ್ಕಿದ ದಿನಾನೇ ಕಹಳೆಗೆ ಬೆನ್ನು ತಿರುಗಿಸ್ತೀವಿ ಅಂತ. ಜನಾನ ಗಣಿಗೆ ಒಯ್ಯೋ ಗಾಡಿ ಎಳೆಯೋರೂ ಅವರೇ. ಅವರು ಎಳೀಲಿಲ್ಲ ಅಂದ್ರೆ ಗಾಡಿ ಕದಲಲ್ಲ. ಎರಡನೇ ಮೂಟೆ ತರೋಕೆ ಹೋದವನು…

ತರೋಕೆ ಹೋದವನು ಬಂದ. ಬಂದು ಪಾಳಿಗೆ ಹೋದ. ಅಷ್ಟೇ.

ನಿನ್ನೆನಾ? ನಿನ್ನೆ ನಾನು… ಯಾಕೆ ಗೋಣು ಬಾಗಿಲ ಕಡೆ ತಿರುಗಿಸ್ತೀಯ? ನಿನ್ನೆ ಎಲ್ಲಿ ಹೋಗಿದ್ದೆ ಅಂತಾನಾ? ಸೂಜಿ ತರೋಕೆ. ಸೂಜಿ ಸಿಗಲಿಲ್ಲ. ಅದಕ್ಕೇ ಲೇಟಾಯ್ತು. ಅಂಗಡಿಯವಳ ಜೊತೆ ಮಾತಾಡ್ತಾ ನಿಂತೆ, ನನ್ನ ಬಾಯಿ ನಿನಗೆ ಗೊತ್ತಲ್ಲ.

ಅಯ್ಯೋ! ಮತ್ತೆ! ಬುಳ ಬುಳ ಬುಳ… ಎರಡು, ನಾಲ್ಕು… ಅಜ್ಜಿ, ಅಂಚೆಲ್ಲಾ ಗುಳ್ಳೆ! ಇಲಿ ಜೋಗುಳ ಹಿಡಿಸ್ತು ನೋಡು ಇದಕ್ಕೆ! ನಾನು ಹೇಳಲಿಲ್ವಾ, ಇದಕ್ಕೆ ಎಲ್ಲಾ ತಡವಾಗಿ ತಲೆಗೆ ಹೋಗತ್ತೆ ಅಂತ! ಬಣ್ಣನೂ ಬದಲಾಗ್ತಿದೆ. ಕೆಸರು ಇದ್ದಿದ್ದು ಈಗ ಹಸಿರು ಹಸಿರು. ಹೀಗೇ ತಾನೇ ಆಗಬೇಕು? ಮೊದಲು ಹಸಿರು, ಆಮೇಲೆ ನೊರೆ, ಬಟ್ಟೆ ಹೊರಗೆ ತೆಗೆದು ಗಾಳಿ ಸೋಕಿದ್ರೆ ಆಗ ನೀಲಿ. ನೀನು ಹೇಳಿದ್ದೆಲ್ಲ ಬಾಯಿಪಾಠ ನನಗೆ.

ನಿನಗೆ ಖುಷಿ ಇಲ್ವಾ ಅಜ್ಜಿ?

ಯಾಕೆ ನನ್ನನ್ನೇ ನೋಡ್ತೀಯ? ಬಾನಿ ನೋಡು. ನನ್ನ ಮುಖದಲ್ಲಿ ಏನು ನೊರೆ ಬಂದಿದೆಯಾ?

ನೋಡಬೇಡ ಅಂದೆ.

ಕಿಟಕಿ ಹತ್ತಿರ ಹೋಗಲಿಲ್ಲ ನಾನು, ಸುಮ್ಮನೆ ಎದ್ದೆ, ಕಾಲು ಜೋಮು ಹಿಡಿದಿತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ನಾನೇನೂ… ನೀನು ಕಳ್ಳಿ ಅಂತ ಅಂದಿಲ್ಲ ಬಿಡು. ನೀನು ಏನೂ ಅಂದಿಲ್ಲ. ಅನ್ನೋ ಹಾಗೂ ಇಲ್ಲ. ಆದ್ರೂ ಒಂದು ಸಲ ತಲೆ ಆಡಿಸು, ಹೌದು ಅಂತಾನೋ ಇಲ್ಲ ಅಂತಾನೋ. ನನ್ನ ಮೇಲೆ ಅನುಮಾನಾನಾ ನಿನಗೆ? ನಿನ್ನ ಕೈ ತುತ್ತು ತಿಂದು ಬೆಳೆದವಳ ಮೇಲೆ?

ಸರಿ, ಆಟ ಸಾಕು. ಬಾನಿ ವಿಷಯ ಬಿಡು, ನಿನ್ನ ಹತ್ತಿರ ಮಾತಾಡ್ತೀನಿ ಈಗ. ನನ್ನ ಕಣ್ಣು ನೋಡು. ಹೊರಗೆ ಯಾರೂ ಇಲ್ಲ. ನನ್ನನ್ನ ಯಾರೂ ಕಳಿಸಿಲ್ಲ. ನಾನು ಯಾರಿಗೂ ಏನೂ ಹೇಳಿಲ್ಲ. ಅಣ್ಣ ಚೆನ್ನಾಗಿದ್ದಾನೆ, ನಾಳೆ ಬೆಳಿಗ್ಗೆ ಪಾಳಿ ಮುಗಿಸಿ ಬರ್ತಾನೆ, ಬಂದು ನಿನ್ನ ತಲೆ ಮೇಲೆ ಮಸಿ ಕೈ ಇಡ್ತಾನೆ. ನಿನ್ನಾಣೆ ಅಜ್ಜಿ. ನಿನ್ನಾಣೆಗೂ ನಿಜ…

ಅಮ್ಮಾ!

ಎದ್ದಿತು! ಅಜ್ಜಿ, ಎದ್ದಿತು! ನೊರೆ! ಎಷ್ಟು ನೊರೆ… ಅಯ್ಯಯ್ಯೋ ನೋಡು, ಕೋಲು ತಾನಾಗೇ ಮೇಲೆ ಬರ್ತಿದೆ! ತಾಮ್ರದ ಬಣ್ಣದ ಪೊರೆ, ಅಡೀಲಿ ನೀಲಿ, ಹೌದು ನೀಲಿ, ಹುಟ್ಟಿದಾಗಿಂದ ನೋಡಿಲ್ಲ ನಾನು ಈ ಬಣ್ಣಾನ, ಇದೇನಾ? ಇದೇನಾ ನೀಲಿ ಅಂದ್ರೆ? ಗೆದ್ದೆವು! ಗೆದ್ದೆ ನಾನು! ಯಾವ ಸುಳ್ಳಿಗೆ ಎದ್ದಿತು ಹೇಳು ನೋಡೋಣ, ಇಲೀದಾ, ಆನೇದಾ, ಇಲ್ಲ ಆ…

…

ನಾನು ಈಗ ಸುಳ್ಳು ಹೇಳ್ತಾ ಇರಲಿಲ್ಲ. ಅಲ್ವಾ? ನಿನ್ನ ಹತ್ತಿರ ಮಾತಾಡ್ತಿದ್ದೆ.

ಅಜ್ಜಿ.

ಏನಾದ್ರೂ ಹೇಳು. ಈಗ ಎದ್ದಿತಲ್ಲ, ಈಗ ಮಾತಾಡಬಹುದು ನೀನು. ಬೈ. ಕೋಲು ತಗೊಂಡು ಹೊಡಿ.

ಮೊದಲ ಗುಳ್ಳೆ… ಅದು ಬೋಳಣ್ಣನ ಕಾಡಿಗೆ ಬಂದಿದ್ದಲ್ಲ. ಅಣ್ಣ ಪಾಳೀಲಿದ್ದಾನೆ ಅಂದ್ನಲ್ಲ, ಅದಕ್ಕೆ. ಆಮೇಲಿಂದು ಸೂಜಿಗೆ. ಥೂ! ಎಂಥ ದಡ್ಡಿ ನಾನು. ತಾತನೂ ನೆಂಟರನ್ನ ನಂಬಿಸೋಕೆ ಹೇಳಿದ್ದು, ತಮಾಷೆಗಲ್ಲ. ಇದಕ್ಕೆ ದೊಡ್ಡ ಸುಳ್ಳು ಬೇಕಿರಲಿಲ್ಲ. ಒಬ್ಬರನ್ನ ನಂಬಿಸೋಕೆ ಹೊರಟ ಸುಳ್ಳು ಬೇಕಿತ್ತು. ನಗೋಕೆ ಹೇಳಿದ್ದನ್ನೆಲ್ಲ ಇದು ಸುಳ್ಳು ಅಂತಾನೇ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಹೌದು. ಅಣ್ಣ ಕೋಟೇಲಿದ್ದಾನೆ. ಎರಡನೇ ಮೂಟೇಲಿ ಕಂಬಿಗೆ ಎಲೆ ಹತ್ತಿತು. ದಫೇದಾರ ಹಿಡಿದ. ಇವತ್ತು ಸಂಜೆ ಗಾಡೀಲಿ ಉಪ್ಪಿನ ಗಣಿಗೆ. ಗಣಿಗೆ ಹೋದೋರು ವಾಪಸ್ ಬಂದಿದ್ದು ಯಾರು ನೋಡಿದ್ದಾರೆ? ಅಪ್ಪ ಬಂದ್ನಾ? ಅಮ್ಮ ಬಂದಳಾ?

ಆದ್ರೆ ನಾನಾಗಿ ಏನೂ ಮಾಡಲಿಲ್ಲ ಅಜ್ಜಿ! ಕಹಳೆ. ಕಹಳೆ ನನಗೆ ಅಪ್ಪಣೆ ಕೊಟ್ಟಿತು. ಬಾನಿ ಏಳಿಸು, ಎದ್ದ ಮೇಲೆ ಕಿಟಕಿಯಿಂದ ಬಟ್ಟೆ ಕೊಡವು ಅಂತ. ಕಿವಿಗೆ ಬಿದ್ದ ಮೇಲೆ ನಾನೇನು ಮಾಡ್ಲಿ? ನಿನಗೆ ಗೊತ್ತಲ್ಲ, ಕಾಲು ತಾನಾಗೇ… ಅಮ್ಮನ ಕಾಲು ಹೋದ ಹಾಗೇ ನನ್ನ ಕಾಲೂ…

ನಿಲ್ಲು. ನಿಲ್ಲು ಬಾನಿ. ಬೇಡ.

ಉಕ್ಕಬೇಡ ಅಂದ್ನಲ್ಲ!

…ಅಮ್ಮನ ಹೆಸರು ಹೇಳಬಾರದಿತ್ತು.

ಇಲ್ಲ ಅಜ್ಜಿ. ಅಪ್ಪಣೆ ಇರಲಿಲ್ಲ. ಯಾರೂ ನನ್ನ ಕರೀಲಿಲ್ಲ. ನಾನೇ ಹೋದೆ. ನನ್ನ ಕಾಲಿಂದ ನಾನೇ ಕೋಟೆ ಬಾಗಿಲಿಗೆ ಹೋಗಿ ದಫೇದಾರನ್ನ ಕೇಳಿದೆ, ಏನು ಕೊಟ್ರೆ ಅಣ್ಣನ್ನ ಬಿಡ್ತೀರ ಅಂತ. ಮಲಗಿರೋ ಬಾನಿ ಒಡೆದ್ರೆ ನನಗೇನು ಬಂತು, ಎದ್ದಿರೋ ಬಾನೀನೇ ಹಿಡಿದು ದೊರೆ ಮುಂದೆ ಇಟ್ರೆ ಬಡ್ತಿ ಸಿಗತ್ತೆ ಅಂದ. ದೊರೆಗೂ ಇನ್ನೂ ಹೇಳಿಲ್ಲವಂತೆ, ಹೆಸರೆಲ್ಲ ತನಗೇ ಬರಲಿ ಅಂತ. ಬಾನಿ ಒಂದೇ ಸಾಲದು, ಏಳಿಸಿದ ಕೈನೂ ಬೇಕು ಅಂದ.

ನಿನ್ನ ಕೈ.

ಹೂಂ ಅಂದೆ.

ನೋಡು, ಈಗ ನೊರೆ ಏರ್ತಿಲ್ಲ. ನಿಜಕ್ಕೆ ಇದು ಕದಲಲ್ಲ.

ನಾನು ಮನಸ್ಸಿಗೆ ಏನೇನೋ ಹೇಳ್ಕೊಂಡೆ. ಅಜ್ಜಿಗೆ ವಯಸ್ಸಾಯ್ತು, ಅಣ್ಣನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಅಜ್ಜಿನ ಕೇಳಿದ್ರೆ ಅವಳೇ ಹೋಗ್ತೀನಿ ಅಂತಿದ್ದಳು. ಹಾಗಾದ್ರೆ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂದ್ರೆ… ನೀನು ಬೇಡ ಅಂದುಬಿಟ್ರೆ ಅಂತ ಭಯ. ಹೋಗ್ತೀನಿ ಅಂದುಬಿಟ್ರೆ ಅಂತ ಅದಕ್ಕಿಂತ ಭಯ.

ನೀನು ಆಶ್ಚರ್ಯ ಪಡ್ತಾ ಇಲ್ಲ.

ಯಾಕೆ ಆಶ್ಚರ್ಯ ಪಡ್ತಾ ಇಲ್ಲ ನೀನು? ಅಣ್ಣ ಕೋಟೇಲಿದ್ದಾನೆ ಅಂದೆ, ನಿನ್ನ ಕೈ ಒಂದು ಕ್ಷಣ ನಿಲ್ಲಲಿಲ್ಲ. ಬಟ್ಟೆ ಅದ್ದುತಾನೇ ಇದೀಯ. ಅದ್ದು, ಹಿಂಡು, ಹರವು. ಅದ್ದು, ಹಿಂಡು, ಹರವು…

ಗೊತ್ತಿತ್ತು ನಿನಗೆ.

ನಿನ್ನೆ ನಾನು ಬಾಗಿಲು ದಾಟಿದಾಗಲೇ ಗೊತ್ತಾಯ್ತಾ? ಗೊತ್ತಾಗದೇ ಏನು. ಜೀವಮಾನ ಪೂರ್ತಿ ಸುಳ್ಳಿನ ಪಕ್ಕದಲ್ಲೇ ಕೂತು ಕೋಲು ತಿರುಗಿಸಿದವಳು. ರಾತ್ರಿ ಎಲ್ಲಾ ಕೂತು ಚಿಂದಿ ಹರಿದೆ. ಬೆಳಿಗ್ಗೆ ನನ್ನ ಎಬ್ಬಿಸಿ, ಬಾ, ಬಾನಿಗೆ ಸುಳ್ಳು ಹೇಳು ಅಂದೆ. ನಾನು ಆನೆ ಇರುವೆ ಅಂತ ಬಡ್ಕೊಳ್ತಾ ಇದ್ರೆ ನೀನು ನಗ್ತಾ ಕೂತಿದ್ದೆ, ನಿಜವಾದ ಸುಳ್ಳು ಯಾವಾಗ ಬರತ್ತೆ ಅಂತ ಕಾಯ್ತಾ. ನಮ್ಮನೇಲಿ ಇಷ್ಟು ವರ್ಷ ಯಾರೂ ನಿನಗೆ ಸುಳ್ಳು ಹೇಳಿರಲಿಲ್ಲ, ಅಲ್ವಾ? ಹೇಳೋಳು ಒಬ್ಬಳು ಸಿಕ್ಕಿದಳು. ಮೊಮ್ಮಗಳು ಮಾಡಿದ ಮೋಸಾನೂ ಸೌದೆ ಥರ ಒಲೆಗೆ ಹಾಕಿದೆಯಲ್ಲ ಅಜ್ಜಿ! ಮನಸ್ಸು ಹೇಗೆ ಬಂತು ನಿನಗೆ?

…ನನಗೆ ಹೇಗೆ ಬಂತೋ ಹಾಗೇ. ಹೌದು.

ಒಂದು ಸಲ ಹತ್ತಿರ ಬಾ. ಕೈ ಒದ್ದೆ ಇದ್ರೂ ಪರವಾಗಿಲ್ಲ. ತಲೆ ಮೇಲೆ ಇಡು. …ಹೂಂ.

ಈ ಪಟ್ಟಿ ಯಾಕೆ ಕಟ್ತೀಯ ನನಗೆ? ಇನ್ನೂ ಹಸಿರು ಇದೆ. ಮೊದಲನೇ ಪಟ್ಟಿ ಇದು, ನೀನು ಕಟ್ಕೋಬೇಕಾದ್ದು. ನಾನು… ನಾನು ಯೋಗ್ಯಳಲ್ಲ ಅಜ್ಜಿ, ಬಿಚ್ಚು…

ಶ್!

ಕೇಳಿಸ್ತಾ? ಬೂಟು. ದಫೇದಾರನೇ. ಚಕ್ರದ ಅಂಗಡಿ ಮುಂದೆ ಕೂತಿರ್ತೀನಿ, ಬಾನಿ ಎದ್ದ ಮೇಲೆ ಕಿಟಕಿಯಿಂದ ಬಟ್ಟೆ ಕೊಡವು ಅಂದಿದ್ದ. ಬಟ್ಟೆ ಕೊಡವಲಿಲ್ಲ ಅಂತ ತಾನೇ ಬರ್ತಿದ್ದಾನೆ.

ಏನು ಮಾಡ್ಲಿ? ಹೇಳು! ಬಾಗಿಲು ತೆಗೆದ್ರೆ ಅಣ್ಣ ಮನೆಗೆ ಬರ್ತಾನೆ, ನೀನು ಹೋಗ್ತೀಯ, ಬಾನಿ ಹೋಗತ್ತೆ. ತೆಗೀಲಿಲ್ಲ ಅಂದ್ರೆ… ಗಾಡಿ ಹೊರಡೋಕೆ ಎಷ್ಟು ಹೊತ್ತಿದೆ? ಈ ಪಟ್ಟಿಗಳು ಅಂಗಳದ ಹುಡುಗರ ಕೈ ಸೇರೋಕೆ ಎಷ್ಟು ಹೊತ್ತು ಬೇಕು? ಆಗತ್ತಾ? ಆಗಲಿಲ್ಲ ಅಂದ್ರೆ? ಅವರು ಹೆದರಿಬಿಟ್ರೆ? ಅಣ್ಣ ಆ ಗಾಡೀಲಿ ಕೂತು ಈ ಬೀದಿ ಕಡೆ ನೋಡ್ತಾ ಇರ್ತಾನೆ ಅಜ್ಜಿ. ಅವನಿಗೆ ನಾನಿದ್ದೀನಿ ಅಂತ ಗೊತ್ತು. ಕೋಟೆ ಕಂಬಿ ಸಂದಿಯಿಂದ ಬೆರಳು ಹಿಡ್ಕೊಂಡು ಹೇಳಿ ಬಂದಿದ್ದೀನಿ, ಬಿಡಿಸ್ತೀನಿ ಅಂತ.

ಬಾಯಿ ಬಿಡು ಅಜ್ಜಿ, ಕೈ ಮುಗೀತೀನಿ. ತೆಗಿ ಅನ್ನು. ಇಲ್ಲ ತೆಗೀಬೇಡ ಅನ್ನು. ಅಪ್ಪಣೆ ಕೊಡು ನನಗೆ!

…ಕೊಡಲ್ಲ. ನೀನೂ ಅಪ್ಪಣೆ ಕೊಟ್ಟುಬಿಟ್ರೆ ದೊರೆಗೂ ನಿನಗೂ ಏನು ವ್ಯತ್ಯಾಸ ಅಂತಾನಾ.

ಬಡೀತಿದ್ದಾನೆ. ಬಂದೆ! ಬಂದೆ ದಫೇದಾರ್ರೇ, ಅಲ್ಲೇ ಇರಿ, ಅಜ್ಜಿ ಸ್ನಾನಕ್ಕೆ ಕೂತಿದ್ದಾಳೆ, ಬಾಗಿಲು ತೆಗೆಯೋ ಹಾಗಿಲ್ಲ!

ಏನು? …ಇಲ್ಲ. ಏಳಲಿಲ್ಲ. ಬೆಳಿಗ್ಗೆಯಿಂದ ಬಡ್ಕೊಂಡೆ, ಒಂದು ಗುಳ್ಳೆನೂ ಇಲ್ಲ. ಸತ್ತಿದೆ ಸ್ವಾಮಿ, ಕೊಳೆತ ನೀರು ಅಷ್ಟೇ. ಮೂಗು ಇಟ್ಟು ನೋಡಿ, ಇಲ್ಲಿವರೆಗೆ ಬರ್ತಿದೆ ವಾಸನೆ. ಅಜ್ಜಿಗೆ ವಿದ್ಯೆ ಮರೆತುಹೋಗಿದೆ. ಅವಳಿಗೆ ಈಗ ತನ್ನ ಹೆಸರೇ ನೆನಪಿರಲ್ಲ… ಇಲ್ಲ ಸ್ವಾಮಿ, ನಿಮಗ್ಯಾಕೆ ಸುಳ್ಳು ಹೇಳ್ಲಿ? ನನಗೇನು ಲಾಭ? ದೊರೆ ಮುಂದೆ ಸತ್ತ ಬಾನಿ ಹೊತ್ತುಕೊಂಡು ಹೋಗಿ ಮರ್ಯಾದೆ ಕಳ್ಕೋಬೇಕಾದ್ರೆ ಹೇಳಿ, ತೆಗೀತೀನಿ ಬಾಗಿಲು.

…

ಅಣ್ಣನಾ?

ಗೊತ್ತು ಸ್ವಾಮಿ. ಮಾತು ಮಾತೇ. ಬಾನಿ ಇಲ್ಲ ಅಂದ್ರೆ ಅವನಿಲ್ಲ.

ಹೋಗಲಿ ಬಿಡಿ. ಕರ್ಕೊಂಡು ಹೋಗಿ. ಒಂದು ಹೊಟ್ಟೆ ಕಡಿಮೆ ಆಯ್ತು. ಅವನು ಹೋದ್ರೆ ನನಗೇನು… ನನಗೇನೂ ಅನ್ಸಲ್ಲ. ಹೂಂ ಸ್ವಾಮಿ. ಏನೂ ಅನ್ಸಲ್ಲ.

…

ಹೋದ.

ಅಜ್ಜಿ. ತಿರುಗಿ ನೋಡೋಕೆ ಧೈರ್ಯ ಆಗ್ತಿಲ್ಲ ನನಗೆ. ಕಾಲಿಗೆ ಬೆಚ್ಚಗೆ ಏನೋ ಸೋಕ್ತಿದೆ. ನೊರೆ ಉಕ್ಕಿ ಬಾಗಿಲ ತನಕ ಬಂದುಬಿಟ್ಟಿದೆಯಾ? ಒರೆಸೋಕೆ ಹೋಗಬೇಡ, ಬಿಡು. ಮೂಟೇಲಿ ಇರೋ ಬಟ್ಟೆ ಎಲ್ಲಾ ತಾ. ಹಾಸಿಗೆದೂ ತಾ, ನನ್ನ ಲಂಗಾನೂ ಹರಿ. ಗಾಡಿ ಹೊರಡೋ ಮುಂಚೆ ಹುಡುಗರಿಗೆ ಮುಟ್ಟಿಸಬೇಕು. ಬೇಗ ಅಜ್ಜಿ, ಬಿಸಿಲು ಇಳೀತಿದೆ.